ಗಟ್ಟಿ ಕಡೆಯಿಂದ ಕತ್ತರಿಸಿದ ತೇಪೆ: ಚೀಫ್ಸ್ ತಂಡದ ಆಫೆನ್ಸಿವ್ ಲೈನ್ ಎರಡು ಸಲ ಕುಸಿದ ಕಥೆ

2021ರ ಫೆಬ್ರವರಿ 7ರ ರಾತ್ರಿಯಿಂದ ಶುರು ಮಾಡುತ್ತೇನೆ. ಟ್ಯಾಂಪಾದಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್, ಎದುರಿಗೆ ಟ್ಯಾಂಪಾ ಬೇ ತಂಡ, ನಾಲ್ಕನೇ ಕ್ವಾರ್ಟರ್. ಕನ್ಸಾಸ್ ಸಿಟಿ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಪ್ಯಾಟ್ರಿಕ್ ಮಹೋಮ್ಸ್ ಹಿಂದಕ್ಕೆ ಓಡಿ, ಪಕ್ಕಕ್ಕೆ ಓಡಿ, ಕೊನೆಗೆ ಮುಗ್ಗರಿಸಿ ಬೀಳುತ್ತಾ, ಮೈ ಪೂರ್ತಿ ನೆಲಕ್ಕೆ ಅಡ್ಡಲಾಗಿ ಗಾಳಿಯಲ್ಲಿರುವಾಗಲೇ ಚೆಂಡು ಎಸೆದ. ಅದು ಎಂಡ್ ಝೋನ್‌ನಲ್ಲಿ, ಅಂದರೆ ಅಂಕ ಸಿಗುವ ಕೊನೆಯ ಪಟ್ಟಿಯಲ್ಲಿದ್ದ ಡ್ಯಾರೆಲ್ ವಿಲಿಯಮ್ಸ್‌ನ ಹೆಲ್ಮೆಟ್‌ಗೆ ಬಡಿದು ಕೆಳಗೆ ಬಿತ್ತು. ಆ ಫೋಟೋ ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಎಂಥಾ ಎಸೆತ ಅಂತ ಎಲ್ಲರೂ ಹೊಗಳಿದರು. ನನಗೆ ಮಾತ್ರ ಅದನ್ನು ನೋಡಿದಾಗೆಲ್ಲ ಬೇರೆಯದೇ ಪ್ರಶ್ನೆ ಬರುತ್ತದೆ. ಒಬ್ಬ ಕ್ವಾರ್ಟರ್‌ಬ್ಯಾಕ್ ಹೀಗೆ ಬಿದ್ದುಕೊಂಡು ಚೆಂಡು ಎಸೆಯುವ ಸ್ಥಿತಿ ಯಾಕೆ ಬಂತು? ಅವನ ಮುಂದೆ ನಿಂತಿರಬೇಕಾಗಿದ್ದ ಐದು ಜನ ಎಲ್ಲಿ ಹೋಗಿದ್ದರು?

ಆ ಪಂದ್ಯವನ್ನು ನಾನು ರೆಕಾರ್ಡ್ ಮಾಡಿಟ್ಟುಕೊಂಡು ಎರಡನೇ ಸಲ ನೋಡಿದೆ. ಆ ಸಲ ಚೆಂಡನ್ನು ನೋಡಲೇ ಇಲ್ಲ, ಆ ಐದು ಜನರ ಕಾಲುಗಳನ್ನು ಮಾತ್ರ ನೋಡಿದೆ. ಇವತ್ತಿನ ಮಾತೆಲ್ಲ ಅಲ್ಲಿಂದ ಬಂದದ್ದು.

ಹೊಸದಾಗಿ ಆಟ ನೋಡುತ್ತಿರುವವರಿಗಾಗಿ ಎರಡು ಮಾತು. ಚೆಂಡು ಇರುವ ತಂಡದ 11 ಜನರಲ್ಲಿ ಐದು ಜನ ಸಾಲಾಗಿ ಬಗ್ಗಿ ನಿಲ್ಲುತ್ತಾರಲ್ಲ, ಅದೇ ಆಫೆನ್ಸಿವ್ ಲೈನ್. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಎರಡು ತುದಿಯಲ್ಲಿ ಟ್ಯಾಕಲ್‌ಗಳು. ಒಬ್ಬೊಬ್ಬನೂ 140 ಕಿಲೋ ಆಸುಪಾಸು ಇರುತ್ತಾನೆ. ಸಾಮಾನ್ಯವಾಗಿ ಇವರು ಪಾಸ್ ಹಿಡಿಯುವ ಹಾಗಿಲ್ಲ. ಎದುರಾಳಿಯ ಜೆರ್ಸಿ ಹಿಡಿದು ಎಳೆದರೆ 10 ಗಜ ದಂಡ. ಚೆಂಡು ಆಡುವ ಮೊದಲು ಒಂಚೂರು ಅಲುಗಾಡಿದರೂ 5 ಗಜ ದಂಡ. ಇಷ್ಟೆಲ್ಲ ಕಟ್ಟುಪಾಡಿನ ನಡುವೆ, ಪಾಸ್ ಆಡುವಾಗ ಸುಮಾರು ಎರಡೂವರೆ ಸೆಕೆಂಡ್ ಕ್ವಾರ್ಟರ್‌ಬ್ಯಾಕ್ ಹತ್ತಿರ ಯಾರೂ ಬರದ ಹಾಗೆ ತಡೆಯಬೇಕು. ಎರಡೂವರೆ ಸೆಕೆಂಡ್ ಏನು ಮಹಾ ಅನ್ನಿಸುತ್ತೆ ಅಲ್ವಾ? ಎದುರಿಗೆ ಬರುವವನನ್ನು ನೋಡಿ. ಕ್ಲೀವ್‌ಲ್ಯಾಂಡ್‌ನ ಮೈಲ್ಸ್ ಗ್ಯಾರೆಟ್ 2017ರಲ್ಲಿ ಡ್ರಾಫ್ಟ್‌ಗೆ (ತಂಡಗಳು ಸರದಿ ಪ್ರಕಾರ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) ಬಂದಾಗ ತೂಕ 272 ಪೌಂಡ್, ಅಂದರೆ 123 ಕಿಲೋ. ಆ ಮೈ ಹೊತ್ತುಕೊಂಡು 40 ಗಜವನ್ನು 4.64 ಸೆಕೆಂಡಿನಲ್ಲಿ ಓಡಿದ. ಅವನು ಮುಂದಕ್ಕೆ ಓಡುತ್ತಾನೆ. ಅವನನ್ನು ತಡೆಯುವವನು ಹಿಂದಕ್ಕೆ ಹೆಜ್ಜೆ ಇಡುತ್ತಾ ತಡೆಯಬೇಕು. ಎಲ್ಲಿಂದ ಬರುತ್ತೇನೆ ಅನ್ನುವುದು ಅವನಿಗೆ ಗೊತ್ತು, ಇವನಿಗೆ ಗೊತ್ತಿಲ್ಲ.

ನಮ್ಮಲ್ಲಿ ಕಬಡ್ಡಿ ನೋಡುತ್ತಾ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ರೈಡರ್ ಬಂದಾಗ ಹಿಡಿಯುವವರು ಇಬ್ಬಿಬ್ಬರಾಗಿ ಕೈ ಹಿಡಿದು ಸರಪಳಿ ಮಾಡುತ್ತಾರಲ್ಲ? ಒಬ್ಬ ಮುಂದೆ ಹೋದರೆ ಇನ್ನೊಬ್ಬನೂ ಅದೇ ಹೆಜ್ಜೆಗೆ ಹೋಗಬೇಕು. ಒಬ್ಬ ಅರ್ಧ ಹೆಜ್ಜೆ ತಡ ಮಾಡಿದರೂ ಕೈ ಬಿಡುತ್ತದೆ, ರೈಡರ್ ಆ ಸಂದಿಯಲ್ಲೇ ನುಗ್ಗಿ ಗೆರೆ ಮುಟ್ಟುತ್ತಾನೆ. ಎಷ್ಟು ಬಲಶಾಲಿ ಅನ್ನುವುದಕ್ಕಿಂತ ಪಕ್ಕದವನ ಜೊತೆ ಎಷ್ಟು ಆಡಿದ್ದಾನೆ ಅನ್ನುವುದು ಅಲ್ಲಿ ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಆಫೆನ್ಸಿವ್ ಲೈನ್‌ನಲ್ಲಿ ಐದು ಜನ ಕೈ ಹಿಡಿದುಕೊಂಡಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಎದುರಾಳಿಗಳಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಸ್ಟಂಟ್ ಅಂತ ಒಂದು ಆಟ ಆಡುತ್ತಾರೆ. ಟ್ಯಾಕಲ್ ಎದುರಿಗೆ ನಿಂತವನು ಒಳಗೆ ನುಗ್ಗುತ್ತಾನೆ, ಗಾರ್ಡ್ ಎದುರಿಗೆ ನಿಂತವನು ಅವನ ಹಿಂದಿನಿಂದ ಸುತ್ತಿಕೊಂಡು ಹೊರಗೆ ಬರುತ್ತಾನೆ. ಆಗ ಗಾರ್ಡ್ ಮತ್ತು ಟ್ಯಾಕಲ್ ತಮ್ಮ ತಮ್ಮ ಆಳನ್ನು ಅದಲು ಬದಲು ಮಾಡಿಕೊಳ್ಳಬೇಕು. ಮಾತಾಡೋಕೆ ಟೈಮ್ ಇಲ್ಲ. ಪಕ್ಕದವನ ಭುಜ ತಿರುಗಿದ್ದು ನೋಡಿಯೇ ಇವನಿಗೆ ಗೊತ್ತಾಗಬೇಕು. ಇಬ್ಬರೂ ಒಬ್ಬನನ್ನೇ ಹಿಡಿದರೆ ಇನ್ನೊಬ್ಬ ಸಲೀಸಾಗಿ ಕ್ವಾರ್ಟರ್‌ಬ್ಯಾಕ್ ಮೇಲೆ ಬಿದ್ದಿರುತ್ತಾನೆ. ಮಾರನೇ ದಿನ ಎಲ್ಲರೂ 'ಆ ಗಾರ್ಡ್ ಕೆಲಸಕ್ಕೆ ಬಾರದವನು' ಅನ್ನುತ್ತಾರೆ. ಆ ಮಾತು ಕೇಳಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಅವನ ಪಕ್ಕದವನು ಆ ಜಾಗಕ್ಕೆ ಬಂದು ಎಷ್ಟು ವಾರ ಆಗಿತ್ತು ಅಂತ ಯಾರೂ ಕೇಳುವುದಿಲ್ಲ.

ಈಗ ಚೀಫ್ಸ್ ಕಥೆಗೆ ಬರೋಣ. 2020ರ ಫೆಬ್ರವರಿಯಲ್ಲಿ ಅವರು ಸೂಪರ್ ಬೌಲ್ ಗೆದ್ದಾಗ ಲೈನ್‌ನಲ್ಲಿ ಇದ್ದವರು ಎಡದಿಂದ ಬಲಕ್ಕೆ ಎರಿಕ್ ಫಿಶರ್, ಸ್ಟೀಫನ್ ವಿಸ್ನ್ಯೂಸ್ಕಿ, ಆಸ್ಟಿನ್ ರೈಟರ್, ಲೊರಾಂ ಡ್ಯುವೆರ್ನೇ ಟಾರ್ಡಿಫ್, ಮಿಚೆಲ್ ಶ್ವಾರ್ಟ್ಜ್. ಆಮೇಲೆ ಕೋವಿಡ್ ಬಂತು. ಡ್ಯುವೆರ್ನೇ ಟಾರ್ಡಿಫ್ ಓದಿನಲ್ಲಿ ಡಾಕ್ಟರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಮುಗಿಸಿದವರು. ಆ ವರ್ಷ ಆಟ ಬಿಟ್ಟು, ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರಕ್ಕೆ ಕೆಲಸಕ್ಕೆ ಹೋದರು. ಸೂಪರ್ ಬೌಲ್ ಗೆದ್ದು ಕೆಲವೇ ತಿಂಗಳಾಗಿತ್ತು, ನೋಡಿ. ಇದನ್ನು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸು ಬರಲಿಲ್ಲ. ಅವರ ಜಾಗ ತುಂಬೋಕೆ ಕರೆತಂದ ಕೆಲೆಚಿ ಒಸೆಮೆಲಿಗೆ ಐದನೇ ವಾರದಲ್ಲಿ ಎರಡೂ ಮಂಡಿಯ ಟೆಂಡನ್ ಹರಿಯಿತು. ಆರನೇ ವಾರ ಶ್ವಾರ್ಟ್ಜ್‌ಗೆ ಬೆನ್ನುನೋವು, ಮತ್ತೆ ಆಡಲೇ ಇಲ್ಲ. ಇದೇ ಶ್ವಾರ್ಟ್ಜ್ 2012ರಲ್ಲಿ ಆಟ ಶುರು ಮಾಡಿದಾಗಿನಿಂದ 2019ರ ತನಕ 7,894 ಸ್ನ್ಯಾಪ್‌ಗಳನ್ನು, ಅಂದರೆ ಚೆಂಡು ಹೊರಟ ಅಷ್ಟೂ ಸಲವನ್ನು, ಒಂದೂ ತಪ್ಪಿಸದೆ ಆಡಿದ್ದವನು.

ಇಷ್ಟಾದರೂ ತಂಡ ಹೇಗೋ ಗೆಲ್ಲುತ್ತಾ ಬಂತು. ಆಮೇಲೆ ಜನವರಿ 24ರಂದು, ಬಫಲೋ ವಿರುದ್ಧದ ಎಎಫ್‌ಸಿ ಫೈನಲ್‌ನಲ್ಲಿ, ಅಂದರೆ ಸೂಪರ್ ಬೌಲ್‌ಗೆ ಮುಂಚಿನ ಸೆಮಿಫೈನಲ್‌ನಂಥ ಪಂದ್ಯದಲ್ಲಿ, ಲೆಫ್ಟ್ ಟ್ಯಾಕಲ್ ಫಿಶರ್‌ನ ಅಕಿಲೀಸ್ ಟೆಂಡನ್ ಹರಿಯಿತು. ಸೂಪರ್ ಬೌಲ್‌ಗೆ ಉಳಿದಿದ್ದು ಎರಡೇ ವಾರ.

ಇಲ್ಲಿಂದ ಮುಂದೆ ಗಮನ ಇಟ್ಟು ಕೇಳಿ. ನಾನು ಹೇಳಬೇಕು ಅಂತ ಬಂದಿರುವುದೇ ಇದು. ಫಿಶರ್ ಹೋದದ್ದರಿಂದ ಖಾಲಿಯಾದದ್ದು ಒಂದೇ ಜಾಗ. ಅದನ್ನು ತುಂಬೋಕೆ ರೈಟ್ ಟ್ಯಾಕಲ್ ಆಡುತ್ತಿದ್ದ ಮೈಕ್ ರೆಮ್ಮರ್ಸ್‌ನನ್ನು ಎಡಕ್ಕೆ ತಂದರು. ರೆಮ್ಮರ್ಸ್ ಬಿಟ್ಟುಬಂದ ಜಾಗಕ್ಕೆ ರೈಟ್ ಗಾರ್ಡ್ ಆಂಡ್ರೂ ವೈಲಿಯನ್ನು ದಬ್ಬಿದರು. ವೈಲಿ ಜಾಗಕ್ಕೆ ವಿಸ್ನ್ಯೂಸ್ಕಿ. ಒಬ್ಬನ ಕಾಲು ಹರಿದದ್ದಕ್ಕೆ ಐದರಲ್ಲಿ ಮೂರು ಜಾಗ ಬದಲಾಯಿತು. ಲೆಫ್ಟ್ ಗಾರ್ಡ್ ನಿಕ್ ಅಲೆಗ್ರೆಟ್ಟಿ. ಹಿಂದಿನ ವರ್ಷ ಗೆದ್ದ ಐವರಲ್ಲಿ, ಅದೇ ಜಾಗದಲ್ಲಿ ನಿಂತಿದ್ದವನು ಸೆಂಟರ್ ರೈಟರ್ ಒಬ್ಬನೇ. ಅಂಗಿ ಹರಿದರೆ ತೇಪೆ ಹಾಕಬೇಕು, ಸರಿ. ಆ ತೇಪೆಯ ಬಟ್ಟೆಯನ್ನು ಅದೇ ಅಂಗಿಯ ಗಟ್ಟಿ ಇರುವ ಕಡೆಯಿಂದ ಕತ್ತರಿಸಿದರೆ ಏನಾಗುತ್ತೆ?

ಬಲಗಡೆ ಆಡುವವನು ಎಡಗಡೆ ಆಡಿದರೆ ಏನಂಥಾ ತೊಂದರೆ ಅಂತ ಕೇಳುತ್ತಾರೆ. ನೀವು ರಜಕ್ಕೆ ಊರಿಗೆ ಹೋದಾಗ ಕಾರು ಓಡಿಸಿರುತ್ತೀರಲ್ಲ? ಇಲ್ಲಿ ಅಮೆರಿಕದಲ್ಲಿ ವರ್ಷಗಟ್ಟಲೆ ಎಡಗಡೆ ಸ್ಟೀರಿಂಗ್ ಹಿಡಿದು ಅಭ್ಯಾಸ. ಬೆಂಗಳೂರಲ್ಲಿ ಇಂಡಿಕೇಟರ್ ಹಾಕೋಕೆ ಹೋದರೆ ವೈಪರ್ ಓಡುತ್ತದೆ. ಡ್ರೈವಿಂಗ್ ಮರೆತಿರುವುದಿಲ್ಲ, ಕೈಗೆ ಅಭ್ಯಾಸ ಇರುವುದಿಲ್ಲ. ಟ್ಯಾಕಲ್‌ಗೂ ಹಾಗೇ. ಬಲಗಡೆ ಆಡುವಾಗ ಬಲಗಾಲು ಹಿಂದೆ, ಮೊದಲ ಹೆಜ್ಜೆ ಆ ಕಾಲಿನದು, ಮೊದಲು ಹೊಡೆತ ತಿನ್ನುವ ಭುಜವೂ ಅದೇ ಕಡೆಯದು. ಎಡಕ್ಕೆ ಬಂದರೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಬಿಡುತ್ತದೆ. ಊರಿನ ರಸ್ತೆಯಲ್ಲಿ ನಮಗೆ ನಾಲ್ಕು ದಿನದಲ್ಲಿ ಅಭ್ಯಾಸ ಆದೀತು. ರೆಮ್ಮರ್ಸ್ ಎದುರಿಗೆ ಇದ್ದದ್ದು ಟ್ಯಾಂಪಾ ಬೇಯ ಶಾಕ್ ಬ್ಯಾರೆಟ್ ಮತ್ತು ಜೇಸನ್ ಪಿಯರ್ ಪಾಲ್, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದರಲ್ಲಿ ಹೆಸರಾದವರು.

ಆ ರಾತ್ರಿ ಮಹೋಮ್ಸ್ ಮೇಲೆ 29 ಸಲ ಒತ್ತಡ ಬಿತ್ತು, ಸೂಪರ್ ಬೌಲ್ ಇತಿಹಾಸದಲ್ಲೇ ಅದು ದಾಖಲೆ. ಚೆಂಡು ಎಸೆಯುವ ಅಥವಾ ಸ್ಯಾಕ್ ಆಗುವ (ಚೆಂಡು ಕೈಯಲ್ಲಿರುವಾಗಲೇ ಎದುರಾಳಿ ಹಿಡಿದು ಕೆಡವುವ) ಮೊದಲು ಅವನು ಹಿಂದೆ ಮುಂದೆ ಓಡಿದ ದೂರ ಎಲ್ಲ ಸೇರಿಸಿ 497 ಗಜ. ಮೈದಾನದ ಉದ್ದವೇ 100 ಗಜ, ಗೊತ್ತಲ್ಲ. ಅವನ ಕಾಲಿನ ಹೆಬ್ಬೆರಳಿಗೆ ಆಗಲೇ ಗಾಯ ಆಗಿತ್ತು, ಪಂದ್ಯದ ನಂತರ ಆಪರೇಷನ್ ಮಾಡಿಸಿಕೊಂಡ. ಟ್ಯಾಂಪಾ ಬೇ ಡಿಫೆನ್ಸ್ ಕೋಚ್ ಟಾಡ್ ಬೋಲ್ಸ್ ಬ್ಲಿಟ್ಜ್ ಕಳಿಸುವುದರಲ್ಲಿ, ಅಂದರೆ ನಾಲ್ವರಿಗಿಂತ ಜಾಸ್ತಿ ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವುದರಲ್ಲಿ, ಹೆಸರಾದವರು. ಆ ದಿನ ಅದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟರು. ನಾಲ್ಕೇ ಜನ ನುಗ್ಗಿದರೂ ಲೈನ್ ಒಡೆಯುತ್ತಿದ್ದಾಗ ಐದನೆಯವನನ್ನು ಯಾಕೆ ಕಳಿಸಬೇಕು? ಮಿಕ್ಕ ಏಳು ಜನ ಹಿಂದೆ ನಿಂತು ಪಾಸ್ ಕಾದರು. 31-9. ಚೀಫ್ಸ್‌ಗೆ ಒಂದೂ ಟಚ್‌ಡೌನ್ ಇಲ್ಲ.

ಮುಂದಿನ ಸಾಲಿನಿಂದ ಒಬ್ಬರು ಈಗ ಕೇಳಿದರು: ಎಲ್ಲ ತಪ್ಪನ್ನೂ ಲೈನ್ ಮೇಲೇ ಹಾಕುವುದು ಸರೀನಾ, ಕ್ವಾರ್ಟರ್‌ಬ್ಯಾಕ್‌ನದು ಏನೂ ಇಲ್ವಾ? ಒಳ್ಳೆ ಪ್ರಶ್ನೆ. ಖಂಡಿತ ಇದೆ. ಪೇಟನ್ ಮ್ಯಾನಿಂಗ್ 2009ರ ಇಡೀ ಸೀಸನ್‌ನಲ್ಲಿ ಸ್ಯಾಕ್ ಆದದ್ದು 10 ಸಲ ಮಾತ್ರ. ಅವನ ಲೈನ್ ಚೆನ್ನಾಗಿತ್ತು ಅನ್ನುವುದರ ಜೊತೆಗೆ, ಅವನ ಕೈಯಲ್ಲಿ ಚೆಂಡು ನಿಲ್ಲುತ್ತಲೇ ಇರಲಿಲ್ಲ. ನೋಡಿದ, ಎಸೆದ. ಚೆಂಡನ್ನು ಮೂರು, ನಾಲ್ಕು ಸೆಕೆಂಡ್ ಹಿಡಿದುಕೊಂಡು ಓಡಾಡುವ ಕ್ವಾರ್ಟರ್‌ಬ್ಯಾಕ್ ಇದ್ದರೆ ಎಂಥಾ ಲೈನ್ ಕೂಡ ಕೆಟ್ಟದಾಗಿ ಕಾಣುತ್ತದೆ. ಇದರ ಇನ್ನೊಂದು ಮುಖವೂ ಇದೆ. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಹೊಸ ತಂಡವಾಗಿ ಬಂತು. ಮೊದಲ ಡ್ರಾಫ್ಟ್ ಆಯ್ಕೆ ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್. ಅವನನ್ನು ಕಾಯಲಿ ಅಂತ ಹೆಸರಾಂತ ಟ್ಯಾಕಲ್ ಟೋನಿ ಬೊಸೆಲಿಯನ್ನು ತಂದಿದ್ದರು. ಭುಜದ ಗಾಯದಿಂದ ಬೊಸೆಲಿ ಆ ತಂಡಕ್ಕೆ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಆ ವರ್ಷ ಕಾರ್ ಸ್ಯಾಕ್ ಆದದ್ದು 76 ಸಲ. ಹಾಗೆ ಪ್ರತಿ ವಾರ ಪೆಟ್ಟು ತಿಂದವನು ಆಮೇಲೆ ಯಾರೂ ಹತ್ತಿರ ಇಲ್ಲದಾಗಲೂ ಗಾಬರಿಯಾಗುತ್ತಾನೆ. ಲೈನ್ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡಿಸುತ್ತದೆ, ಕೆಟ್ಟ ಕ್ವಾರ್ಟರ್‌ಬ್ಯಾಕ್ ಲೈನನ್ನು ಇನ್ನೂ ಕೆಡಿಸುತ್ತಾನೆ. ಯಾವುದು ಮೊದಲು ಅಂತ ಆಮೇಲೆ ಬಿಡಿಸೋಕೆ ಆಗುವುದಿಲ್ಲ.

ಸಿನ್ಸಿನಾಟಿ ಅಭಿಮಾನಿಗಳು ಇಲ್ಲೇ ಇಬ್ಬರು ಮೂವರು ಇದ್ದೀರಿ, ನಿಮ್ಮ ತಂಡ ಬಿಟ್ಟರೆ ಅನ್ಯಾಯವಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಜೋ ಬರೋ ಮೊದಲ ವರ್ಷ, 2020ರ ನವೆಂಬರ್‌ನಲ್ಲಿ, ಮಂಡಿಯ ಲಿಗಮೆಂಟ್ ಹರಿದುಕೊಂಡ. ಮುಂದಿನ ಡ್ರಾಫ್ಟ್‌ನಲ್ಲಿ ಐದನೇ ಆಯ್ಕೆ ಕೈಯಲ್ಲಿತ್ತು. ಟ್ಯಾಕಲ್ ಪೆನೈ ಸೂವೆಲ್ ಸಿಗುತ್ತಿದ್ದ. ಅವರು ಪಾಸ್ ಹಿಡಿಯುವ ರಿಸೀವರ್ ಜಮಾರ್ ಚೇಸ್‌ನನ್ನು ತೆಗೆದುಕೊಂಡರು. ಆ ವರ್ಷ ಪ್ಲೇಆಫ್ (ಸೀಸನ್ ನಂತರದ ನಾಕೌಟ್ ಪಂದ್ಯಗಳು) ಸೇರಿಸಿ ಬರೋ 70 ಸಲ ಸ್ಯಾಕ್ ಆದ. ಟೆನ್ನೆಸ್ಸೀ ವಿರುದ್ಧ ಒಂದೇ ಪಂದ್ಯದಲ್ಲಿ 9 ಸಲ, ಆದರೂ ಗೆದ್ದರು! ಸೂಪರ್ ಬೌಲ್‌ನಲ್ಲಿ 7 ಸಲ, ಅಲ್ಲಿ ಸೋತರು. ಕೊನೇ ಆಟದಲ್ಲಿ ಆರನ್ ಡೊನಾಲ್ಡ್ ಬಂದು ಹಿಡಿದುಕೊಂಡಾಗ ಚೇಸ್ ಮುಂದೆ ಓಡುತ್ತಿದ್ದ, ಅವನಿಗೆ ಚೆಂಡು ಎಸೆಯೋಕೆ ಇನ್ನೊಂದು ಸೆಕೆಂಡ್ ಬೇಕಿತ್ತು. ಚೇಸ್‌ನನ್ನು ತೆಗೆದುಕೊಂಡದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಲ್ಲದೆ ಅಲ್ಲಿಯ ತನಕ ಬರುತ್ತಲೇ ಇರಲಿಲ್ಲ. ಮಿಕ್ಕ ದುಡ್ಡು, ಮಿಕ್ಕ ಆಯ್ಕೆಗಳನ್ನು ಮೊದಲೇ ಲೈನ್ ಕಡೆ ತಿರುಗಿಸಬೇಕಿತ್ತು ಅನ್ನುವುದಷ್ಟೇ ನನ್ನ ಮಾತು. ಮುಂದಿನ ವರ್ಷ ಮೂವರನ್ನು ತಂದರು. ಪ್ಲೇಆಫ್ ನಡೆಯುತ್ತಿರುವಾಗಲೇ ಆ ಮೂವರಲ್ಲಿ ಇಬ್ಬರು, ಜೊತೆಗೆ ಲೆಫ್ಟ್ ಟ್ಯಾಕಲ್ ಜೋನಾ ವಿಲಿಯಮ್ಸ್, ಗಾಯವಾಗಿ ಹೊರಗಿದ್ದರು.

ಹಾಗಾದರೆ ಬೆಂಚಿನಲ್ಲಿ ಒಳ್ಳೆಯವರನ್ನು ಇಟ್ಟುಕೊಳ್ಳಬಾರದಾ? ಬೇಕು, ಆದರೆ ಸಿಗುವುದಿಲ್ಲ. ಕಾಲೇಜುಗಳಲ್ಲಿ ಈಗ ಜಾಸ್ತಿ ಆಡುವುದು ಸ್ಪ್ರೆಡ್ ಆಟ. ಚೆಂಡು ಕೈಗೆ ಬಂದ ತಕ್ಷಣ ಎಸೆದುಬಿಡುತ್ತಾರೆ. ಅಲ್ಲಿ ಬೆಳೆದ ಹುಡುಗ ಮೂರು ಸೆಕೆಂಡ್ ಒಬ್ಬನನ್ನೇ ತಡೆಯುವುದನ್ನು ಇಲ್ಲಿಗೆ ಬಂದ ಮೇಲೇ ಕಲಿಯಬೇಕು. ಇಲ್ಲಿ ಕಲಿಸೋಕೆ ದಿನ ಇಲ್ಲ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಪ್ಯಾಡ್ ಹಾಕಿಕೊಂಡು ಮಾಡುವ ಅಭ್ಯಾಸ ಸೀಸನ್ ಪೂರ್ತಿಗೆ 14 ಮಾತ್ರ. ಆಟಗಾರರ ತಲೆ, ಮಂಡಿ ಉಳಿಯಬೇಕು ಅಂದರೆ ಇದು ಬೇಕಾದ ನಿಯಮವೇ, ನಾನು ಅದರ ಪರ. ಕ್ವಾರ್ಟರ್‌ಬ್ಯಾಕ್, ರಿಸೀವರ್ ಪ್ಯಾಡ್ ಇಲ್ಲದೆಯೂ ಕಲಿಯಬಹುದು. ಎದುರಿನವನನ್ನು ತಳ್ಳಿ ತಡೆಯುವುದನ್ನು ಯಾರನ್ನೂ ತಳ್ಳದೆ ಕಲಿಯುವುದು ಹೇಗೆ? ಲೀಗ್‌ಗೂ ಇದು ಗೊತ್ತಿದೆ. 2020ರ ಒಪ್ಪಂದದಲ್ಲಿ ಒಂದು ಸಣ್ಣ ಕಲಮು ಸೇರಿಸಿದರು. ಪಂದ್ಯದ ದಿನ ಎಂಟು ಜನ ಲೈನ್‌ಮನ್‌ಗಳನ್ನು ಇಟ್ಟುಕೊಂಡರೆ ತಂಡಕ್ಕೆ 48 ಜನರನ್ನು ಆಡಿಸುವ ಅವಕಾಶ, ಇಲ್ಲದಿದ್ದರೆ 47.

ಗದ್ದಲದ ವಿಷಯವನ್ನೂ ಹೇಳಿಬಿಡುತ್ತೇನೆ. ಚೆಂಡು ಆಡುವ ಮೊದಲು ಸೆಂಟರ್ ಎದುರಿನ ಸಾಲಿನ ಹಿಂದೆ ನಿಂತ ಲೈನ್‌ಬ್ಯಾಕರ್ ಕಡೆ ಕೈ ತೋರಿಸಿ ಏನೋ ಕೂಗುತ್ತಾನಲ್ಲ, ಯಾರು ಯಾರನ್ನು ಹಿಡಿಯಬೇಕು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಎದುರಾಳಿ ಊರಿನಲ್ಲಿ ಆ ಮಾತು ಪಕ್ಕದವನಿಗೂ ಕೇಳಿಸುವುದಿಲ್ಲ. ಚೀಫ್ಸ್‌ನ ಆರೋಹೆಡ್ ಸ್ಟೇಡಿಯಂನಲ್ಲಿ 2014ರ ಸೆಪ್ಟೆಂಬರ್ 29ರಂದು 142.2 ಡೆಸಿಬಲ್ ಗದ್ದಲ ದಾಖಲಾಯಿತು, ಗಿನ್ನೆಸ್ ದಾಖಲೆ. ಅಂಥಾ ಕಡೆ ಗಾರ್ಡ್ ಹಿಂದೆ ತಿರುಗಿ ನೋಡಿ ಸೆಂಟರ್‌ನ ಮೈ ತಟ್ಟುತ್ತಾನೆ, ಆಮೇಲೆ ಚೆಂಡು ಹೊರಡುತ್ತದೆ. ತುದಿಯಲ್ಲಿರುವ ಟ್ಯಾಕಲ್ ಚೆಂಡು ಅಲುಗಿದ್ದನ್ನು ಓರೆಗಣ್ಣಲ್ಲಿ ನೋಡಿ ಎದ್ದೇಳಬೇಕು. ಎದುರಿನವನೂ ಅದನ್ನೇ ನೋಡುತ್ತಿರುತ್ತಾನೆ.

ಚೀಫ್ಸ್ ಆ ಸೋಲಿನ ನಂತರ ಮಾಡಿದ್ದು ನನಗೆ ತುಂಬಾ ಇಷ್ಟ. 2021ರ ಮಾರ್ಚ್‌ನಲ್ಲಿ ಫಿಶರ್, ಶ್ವಾರ್ಟ್ಜ್ ಇಬ್ಬರನ್ನೂ ಒಂದೇ ದಿನ ಬಿಟ್ಟರು. ಅದು ಕಠಿಣ ನಿರ್ಧಾರ, ನೋವಿನದೂ ಹೌದು. ತೇಪೆ ಸಾಕು, ಹೊಸ ಬಟ್ಟೆಯನ್ನೇ ಹೊಲಿಸೋಣ ಅಂತ ಹೊರಟರು. ಜೋ ಥೂನಿಗೆ ಐದು ವರ್ಷಕ್ಕೆ 80 ಮಿಲಿಯನ್ ಡಾಲರ್ ಕೊಟ್ಟು ಲೆಫ್ಟ್ ಗಾರ್ಡ್ ಮಾಡಿದರು. ಬಾಲ್ಟಿಮೋರ್‌ಗೆ ಮೊದಲ ಸುತ್ತಿನ ಆಯ್ಕೆಯನ್ನೇ ಕೊಟ್ಟು ಲೆಫ್ಟ್ ಟ್ಯಾಕಲ್ ಆರ್ಲ್ಯಾಂಡೊ ಬ್ರೌನ್‌ನನ್ನು ತಂದರು. ಡ್ರಾಫ್ಟ್‌ನ ಎರಡನೇ ಸುತ್ತಿನಲ್ಲಿ ಸೆಂಟರ್ ಕ್ರೀಡ್ ಹಂಫ್ರಿ. ಆರನೇ ಸುತ್ತಿನಲ್ಲಿ, 226ನೇ ಆಯ್ಕೆಯಾಗಿ, ಟ್ರೇ ಸ್ಮಿತ್. ಕಾಲೇಜಿನಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದ ಹುಡುಗ ಅಂತ ಬೇರೆ ತಂಡಗಳು ಹಿಂದೆ ಸರಿದಿದ್ದವು.

ಎರಡು ಸೀಸನ್ ಕಳೆಯಿತು. 2023ರ ಫೆಬ್ರವರಿ 12, ಅರಿಝೋನಾದಲ್ಲಿ ಸೂಪರ್ ಬೌಲ್. ಎದುರಿಗೆ ಆ ಸೀಸನ್‌ನಲ್ಲಿ 70 ಸ್ಯಾಕ್ ಮಾಡಿದ್ದ ಫಿಲಡೆಲ್ಫಿಯಾ ಈಗಲ್ಸ್. ಮಹೋಮ್ಸ್ ಕಣಕಾಲು ಉಳುಕಿ ಕುಂಟುತ್ತಿದ್ದ. ಸ್ಯಾಕ್ ಎಷ್ಟು? ಸೊನ್ನೆ. 38-35, ಚೀಫ್ಸ್ ಗೆಲುವು. ಆ ದಿನ ರೈಟ್ ಟ್ಯಾಕಲ್ ಯಾರು ಗೊತ್ತಾ? ಅದೇ ಆಂಡ್ರೂ ವೈಲಿ. 2021ರಲ್ಲಿ ಎರಡು ವಾರ ಮುಂಚೆ ಆ ಜಾಗಕ್ಕೆ ದಬ್ಬಿಸಿಕೊಂಡಿದ್ದವನು. ಈ ಸಲ ಇಡೀ ಸೀಸನ್ ಅಲ್ಲೇ ಆಡಿದ್ದ, ಪಕ್ಕದಲ್ಲಿ ಹೆಚ್ಚುಕಡಿಮೆ ಎಲ್ಲ ಪಂದ್ಯದಲ್ಲೂ ಟ್ರೇ ಸ್ಮಿತ್ ಇದ್ದ. ಮನುಷ್ಯ ಅವನೇ, ಜಾಗವೂ ಅದೇ.

ಇಲ್ಲಿಗೇ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಬ್ರೌನ್ ಒಪ್ಪಂದ ಮುಗಿದು ಸಿನ್ಸಿನಾಟಿಗೆ ಹೋದ. ಆಮೇಲೆ ಆ ಲೆಫ್ಟ್ ಟ್ಯಾಕಲ್ ಜಾಗ ಗಟ್ಟಿಯಾಗಲೇ ಇಲ್ಲ. 2024ರಲ್ಲಿ ಹೊಸಬ ಕಿಂಗ್ಸ್‌ಲಿ ಸುವಾಮಾಟಾಯಾನನ್ನು ನಿಲ್ಲಿಸಿದರು, ಎರಡನೇ ಪಂದ್ಯದಲ್ಲೇ ಹೊರಗೆ ಕೂರಿಸಿದರು. ವಾನ್ಯಾ ಮಾರಿಸ್ ಬಂದ. ಡಿ.ಜೆ. ಹಂಫ್ರೀಸ್‌ನನ್ನು ಕರೆತಂದರು, ಮೊದಲ ಪಂದ್ಯದಲ್ಲೇ ಅವನ ತೊಡೆಯ ಸ್ನಾಯು ಹಿಡಿದುಕೊಂಡಿತು. ಕೊನೆಗೆ ಡಿಸೆಂಬರ್‌ನಲ್ಲಿ ಏನು ಮಾಡಿದರು? ಲೈನ್‌ನಲ್ಲೇ ಅತಿ ಗಟ್ಟಿಯಾಗಿದ್ದ ಲೆಫ್ಟ್ ಗಾರ್ಡ್ ಥೂನಿಯನ್ನು ಎತ್ತಿ ಲೆಫ್ಟ್ ಟ್ಯಾಕಲ್‌ಗೆ ಹಾಕಿದರು. ಗಾರ್ಡ್ ಜಾಗಕ್ಕೆ ಮೈಕ್ ಕ್ಯಾಲಿಯೆಂಡೊ, ಡ್ರಾಫ್ಟ್‌ನಲ್ಲಿ ಯಾರೂ ಆರಿಸದಿದ್ದ ಹುಡುಗ. ಮತ್ತೆ ಅದೇ ತೇಪೆ, ಮತ್ತೆ ಗಟ್ಟಿ ಕಡೆಯಿಂದಲೇ ಕತ್ತರಿಸಿದ್ದು.

ಕೆಲವು ವಾರ ನಡೆಯಿತು. 2025ರ ಫೆಬ್ರವರಿ 9, ನ್ಯೂ ಆರ್ಲಿಯನ್ಸ್. ಎದುರಿಗೆ ಮತ್ತೆ ಈಗಲ್ಸ್. ಅವರ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಇಡೀ ಪಂದ್ಯದಲ್ಲಿ ಒಂದು ಸಲವೂ ಬ್ಲಿಟ್ಜ್ ಕಳಿಸಲಿಲ್ಲ. ನಾಲ್ಕೇ ಜನ. ಮಹೋಮ್ಸ್ 6 ಸಲ ಸ್ಯಾಕ್. ಅರ್ಧ ಪಂದ್ಯದ ಹೊತ್ತಿಗೆ 24-0, ಚೀಫ್ಸ್ ಮುಂದೆ ಸಾಗಿದ್ದು ಒಟ್ಟು 23 ಗಜ. ಕೊನೆಗೆ 40-22. ನಾಲ್ಕು ವರ್ಷದ ಹಿಂದಿನ ಪಂದ್ಯವನ್ನೇ ಮತ್ತೆ ಹಾಕಿದ ಹಾಗಿತ್ತು. ನಾನು ಸೋಫಾದಿಂದ ಎದ್ದು ಅಡುಗೆಮನೆಯಲ್ಲಿ ನಿಂತುಬಿಟ್ಟೆ. ಥೂನಿಯಂಥವನು ತನ್ನದಲ್ಲದ ಜಾಗದಲ್ಲಿ ಒದ್ದಾಡುವುದನ್ನು ನೋಡೋಕೆ ಆಗಲಿಲ್ಲ.

ಜಾಗ ಬದಲಾಯಿಸುವುದೇ ತಪ್ಪು ಅಂತ ತಿಳಿಯಬೇಡಿ. ಅದೇ ದಿನ ಗೆದ್ದ ಈಗಲ್ಸ್ ರೈಟ್ ಗಾರ್ಡ್ ಮೆಕಾಯ್ ಬೆಕ್ಟನ್, 2020ರಲ್ಲಿ ನ್ಯೂಯಾರ್ಕ್ ಜೆಟ್ಸ್ ಮೊದಲ ಸುತ್ತಿನಲ್ಲಿ ಟ್ಯಾಕಲ್ ಅಂತ ಆರಿಸಿದ್ದವನು. ಅವನನ್ನೂ ಗಾರ್ಡ್ ಮಾಡಿದ್ದರು. ವ್ಯತ್ಯಾಸ ಏನಪ್ಪಾ ಅಂದರೆ, ಸೀಸನ್ ಶುರುವಾಗುವ ಮೊದಲೇ ಮಾಡಿದ್ದರು, ಪಕ್ಕದಲ್ಲಿ ಲೇನ್ ಜಾನ್ಸನ್ ಇದ್ದ. 2013ರಿಂದ ಅದೇ ತಂಡದಲ್ಲಿ ಇರುವವನು. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಕೂಡ 2013ರಿಂದ ಅಲ್ಲೇ ಇದ್ದವರು. ಎಡ ತುದಿಯಲ್ಲಿ ಜೋರ್ಡನ್ ಮೈಲಾಟಾ, ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ. 2018ರಲ್ಲಿ ಏಳನೇ ಸುತ್ತಿನಲ್ಲಿ ಆರಿಸಿದಾಗ ಜೀವನದಲ್ಲಿ ಒಂದು ಫುಟ್‌ಬಾಲ್ ಪಂದ್ಯವನ್ನೂ ಆಡಿರಲಿಲ್ಲ. ಮೊದಲ ಎರಡು ವರ್ಷ ಸೀಸನ್‌ನ ಒಂದೂ ಪಂದ್ಯಕ್ಕೆ ಇಳಿಸದೆ ಸುಮ್ನೆ ಕಲಿಸಿದರು. ಅಷ್ಟು ತಾಳ್ಮೆ ಎಷ್ಟು ತಂಡಗಳಿಗೆ ಇರುತ್ತದೆ ಹೇಳಿ.

ಆ ಸೋಲಿನ ಮುಂದಿನ ತಿಂಗಳೇ ಚೀಫ್ಸ್ ಥೂನಿಯನ್ನು ಶಿಕಾಗೋಗೆ ಕೊಟ್ಟರು, ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ. ಹಣದ ಲೆಕ್ಕ ಅದು. ಹಂಫ್ರಿಗೆ ನಾಲ್ಕು ವರ್ಷಕ್ಕೆ 72 ಮಿಲಿಯನ್ ಆಗಲೇ ಬರೆದುಕೊಟ್ಟಿದ್ದರು, ಟ್ರೇ ಸ್ಮಿತ್‌ಗೆ 94 ಮಿಲಿಯನ್ ಕೊಡುವುದಿತ್ತು, ಮೂವರನ್ನೂ ಇಟ್ಟುಕೊಳ್ಳೋಕೆ ಆಗಲಿಲ್ಲ. ಏಪ್ರಿಲ್‌ನಲ್ಲಿ 32ನೇ ಆಯ್ಕೆಯಾಗಿ ಲೆಫ್ಟ್ ಟ್ಯಾಕಲ್ ಜಾಶ್ ಸಿಮನ್ಸ್‌ನನ್ನು ತೆಗೆದುಕೊಂಡರು. ಲೆಫ್ಟ್ ಗಾರ್ಡ್ ಜಾಗಕ್ಕೆ ಬಂದವನು ಸುವಾಮಾಟಾಯಾ, ಹಿಂದಿನ ವರ್ಷ ಟ್ಯಾಕಲ್ ಆಗಿ ಎರಡೇ ಪಂದ್ಯಕ್ಕೆ ಹೊರಗೆ ಕೂತವನು. ಎಡಗಡೆ ಇಬ್ಬರೂ ಹೊಸಬರು. ನಾಲ್ಕು ವರ್ಷ ಥೂನಿಯ ಭುಜ ನೋಡಿಯೇ ತಿರುಗುತ್ತಿದ್ದ ಹಂಫ್ರಿ, 2025ರ ಬೇಸಿಗೆಯ ಕ್ಯಾಂಪ್‌ನಲ್ಲಿ ಇನ್ನೊಬ್ಬನ ಭುಜ ನೋಡುವುದನ್ನು ಮೊದಲಿನಿಂದ ಕಲಿಯೋಕೆ ಶುರು ಮಾಡಿದ.